ಅವರೂ ಸೈಕಲ್ ಸವಾರರೇ

ಸೊಹಾರಿನಲ್ಲಿ ನಾವು ನಾಲ್ಕಾರು ಕನ್ನಡದ ಮನೆಯವರು ಊಟಕ್ಕೆ ಸೇರಿದಾಗಲೆಲ್ಲ ನನಗೊಂದು ತಮಾಷೆ ಕಟ್ಟಿಟ್ಟ ಬುತ್ತಿ. "ನಮ್ಮಪ್ಪ ಸೈಕಲ್ಲಿನ ಮೇಲೆ ಅಕ್ಕಿ ಮೂಟೆ ಹೇರಿಕೊಂಡು ಬರ್ತಿದ್ರು. ಇವರು ಸೈಕಲ್ಲನ್ನೇ ಕಾರಿನ ಮೇಲೆ ಹೇರಿಕೊಂಡು ಹೋಗ್ತಾರೆ, ಮಾರಾಯ್ರೆ!" ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಆ ತಮಾಷೆಯಲ್ಲಿ ಅರ್ಧ ಸುಳ್ಳಿದೆ, ಅರ್ಧ ಸತ್ಯವಿದೆ. ಸುಳ್ಳಿಗೆ ಮೊದಲು ಉತ್ತರ ಕೊಡುತ್ತೇನೆ. ಸತ್ಯದ ಪಾಲು ನನಗೂ ನನ್ನೊಡನೆ ಬೆಟ್ಟಕ್ಕೆ ಬರುವ ಗೆಳೆಯರಿಗೂ ಸೇರಬೇಕಾದದ್ದು. ಈ ಬರಹದ ಜಗಳ ಹೆಚ್ಚಾಗಿ ಅವರೊಂದಿಗೆ.

ಮೊದಲು ಆ ಸವಾರಿ ಎಂಥದ್ದೆಂದು ಹೇಳುತ್ತೇನೆ. ಶುಕ್ರವಾರ ನಸುಕಿನ ನಾಲ್ಕೂವರೆಗೆ ಏಳುವುದು. ಮೂರು ಲೀಟರ್ ನೀರು, ಒಂದಿಷ್ಟು ಖರ್ಜೂರ. ಸೈಕಲ್ಲನ್ನು ಕಾರಿಗೆ ಬಿಗಿದು ಬುರೈಮಿಯ ದಾರಿ ಹಿಡಿದು ವಾದಿ ಅಲ್ ಜಿಝಿಯ ಕಡೆಗೆ ಹೊರಟರೆ, ಹಜರ್ ಬೆಟ್ಟಗಳ ಮೇಲೆ ಬೆಳಕು ಮೂಡುವ ಹೊತ್ತಿಗೆ ಪೆಡಲ್ ಮೇಲೆ ಕಾಲು. ವಾದಿ ಎಂದರೆ ವರ್ಷದ ಬಹುಪಾಲು ನೀರಿಲ್ಲದ ಹೊಳೆ. ಅದರ ಪಾತ್ರದಲ್ಲಿ ತೆಂಗಿನಕಾಯಿ ಗಾತ್ರದ ಗುಂಡುಕಲ್ಲುಗಳು. ದಂಡೆ ಹತ್ತಿದರೆ ಚೂಪು ಅಂಚಿನ ಕಪ್ಪು ಕಲ್ಲು. ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದ ಬಂಡೆ ಅದು, ಭೂಮಿಯ ಒತ್ತಡಕ್ಕೆ ಮೇಲೆದ್ದು ಬೆಟ್ಟವಾಗಿ ನಿಂತಿದೆ. ನಡುನಡುವೆ ಸಮುರ್ ಮರಗಳು. ನಮ್ಮ ಜಾಲಿಯ ಬಳಗದ ಮರ, ಮುಳ್ಳು ಮಾತ್ರ ನಮ್ಮ ಜಾಲಿಗಿಂತ ಒಂದು ಕೈ ಮೇಲು. ಟ್ಯೂಬ್ ಹಾಕಿದ ಚಕ್ರವನ್ನು ಅದು ಅರ್ಧ ಗಂಟೆಯೂ ಬಾಳಿಸುವುದಿಲ್ಲ. ಹಾಗಾಗಿ ನಾವೆಲ್ಲ ಟ್ಯೂಬ್ ಬಿಟ್ಟು, ಟೈರಿನೊಳಗೆ ತೂತನ್ನು ತಾನೇ ಮುಚ್ಚಿಕೊಳ್ಳುವ ಬಿಳಿ ದ್ರವ ಸುರಿದುಕೊಂಡವರು. ಮುಳ್ಳು ಚುಚ್ಚಿದಲ್ಲಿ ಹಾಲಿನಂತೆ ಒಸರಿ, ಎರಡು ಸುತ್ತಿಗೆ ನಿಂತುಬಿಡುತ್ತದೆ.

ಅಲ್ಲಿ ಮೇಕೆ ಕಾಯುವ ಒಬ್ಬ ಮುದುಕರಿದ್ದಾರೆ. ಮೊದಲ ಸಲ ನಾವು ಏರಿನಲ್ಲಿ ಸೈಕಲ್ ತಳ್ಳಿಕೊಂಡು ಏದುಸಿರು ಬಿಡುತ್ತ ಬರುವುದನ್ನು ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಾರು ಕೆಟ್ಟುಹೋಯಿತೇ?" ಇಲ್ಲ, ಸುಮ್ಮನೆ ಬಂದಿದ್ದೇವೆ ಎಂದು ನಮ್ಮ ಮುರುಕು ಅರಬಿಯಲ್ಲಿ ವಿವರಿಸಿದೆವು. ಅವರಿಗೆ ಕನಿಕರ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಕೂರಿಸಿ ಏಲಕ್ಕಿ ಹಾಕಿದ ಕಹ್ವಾ ಕೊಟ್ಟರು. ಈಗಲೂ ಕೊಡುತ್ತಾರೆ.

ಇನ್ನು ಸುಳ್ಳಿನ ಅರ್ಧ. ನಡುವಯಸ್ಸಿನ ಗಂಡಸು ಟ್ರೆಡ್‌ಮಿಲ್ ಮೇಲೆ ಓಡಿದರೆ ನಮ್ಮವರು ನಗುವುದಿಲ್ಲ. ಬ್ಯಾಡ್ಮಿಂಟನ್ ಆಡಿದರೂ ನಗುವುದಿಲ್ಲ. ಸೈಕಲ್ ಎಂದ ಕೂಡಲೇ ಏಕೆ ನಗು? ನಾವು ಬಿಟ್ಟುಬಂದ ಬದುಕನ್ನು ಅದು ನೆನಪಿಸುತ್ತದೆ, ಅದಕ್ಕೆ. ಕೆಲಸವಿಲ್ಲದೆ ಒದ್ದಾಡುವವನನ್ನು "ಸೈಕಲ್ ಹೊಡೀತಿದ್ದಾನೆ" ಎನ್ನುವ ಭಾಷೆ ನಮ್ಮದು. ಬಾರಿನ ಕೆಳಗೆ ಕಾಲು ತೂರಿಸಿ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ಕಲಿತವರೇ ನಾವೆಲ್ಲ. ಸೈಕಲ್ಲಿನಿಂದ ಬೈಕಿಗೆ, ಬೈಕಿನಿಂದ ಕಾರಿಗೆ ಏರುವುದೇ ಏಳಿಗೆ ಎಂದು ನಂಬಿ ಕಡಲು ದಾಟಿದವರೂ ನಾವೇ. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಾಗ, ಶಾಲೆ ದೂರವಿದ್ದ ಹಳ್ಳಿಯ ಹುಡುಗಿಯರಿಗೆ ಅದು ಎಂಥ ರೆಕ್ಕೆಯೆಂದು ಎಲ್ಲರೂ ಹೊಗಳಿದೆವು. ಆ ರೆಕ್ಕೆ ಬಡವರ ಮಕ್ಕಳಿಗೆ ಮಾತ್ರವೇ? ಆಟಕ್ಕೂ ಶುಗರ್, ಬಿಪಿಯ ಚೀಟಿ ತೋರಿಸಬೇಕೆನ್ನುವವರಿಗೆ ನನ್ನ ಉತ್ತರ ಇಷ್ಟೇ: ಇಳಿಜಾರಿನಲ್ಲಿ ಬ್ರೇಕ್ ಬಿಟ್ಟಾಗ ನನಗೆ ಖುಷಿಯಾಗುತ್ತದೆ. ಆ ಖುಷಿಗೆ ವೈದ್ಯರ ಶಿಫಾರಸು ಬೇಕಿಲ್ಲ.

ಈಗ ಸತ್ಯದ ಅರ್ಧಕ್ಕೆ ಬರುತ್ತೇನೆ.

ಕಳೆದ ಚಳಿಗಾಲದ ಒಂದು ಗುರುವಾರ ರಾತ್ರಿ. ಬೆಟ್ಟದಲ್ಲಿ ಕತ್ತಲ ಸವಾರಿ ಮುಗಿಸಿ ನಾನೊಬ್ಬನೇ ಮರಳುತ್ತಿದ್ದೆ. ಕತ್ತಲ ಸವಾರಿಗೆ ಹ್ಯಾಂಡಲ್ ಮೇಲೊಂದು, ಹೆಲ್ಮೆಟ್ ಮೇಲೊಂದು ದೀಪ. ಹಚ್ಚಿದರೆ ಐವತ್ತು ಮೀಟರ್ ಆಚೆಯ ಬೆಣಚುಕಲ್ಲೂ ಹಗಲಿನಂತೆ ಕಾಣಬೇಕು. ಫಲಜ್ ಅಲ್ ಕಬಾಯಿಲ್ ಹತ್ತಿರ ಸರ್ವಿಸ್ ರಸ್ತೆಗೆ ತಿರುಗಿದಾಗ ಕಾರಿನ ಮೂತಿಯ ಮುಂದೆ ದಿಢೀರನೆ ಒಬ್ಬ ಮನುಷ್ಯ. ಎದುರು ದಿಕ್ಕಿನಿಂದ, ದೀಪವಿಲ್ಲದ ಸೈಕಲ್ಲಿನಲ್ಲಿ. ನಾನು ಬ್ರೇಕ್ ಒತ್ತಿದೆ, ಆತ ಮಣ್ಣಿಗಿಳಿದು ಉರುಳಿದ. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಚೀಲದಿಂದ ಈರುಳ್ಳಿ ಚೆಲ್ಲಿತ್ತು. ಇಬ್ಬರೂ ಮೊಬೈಲ್ ಬೆಳಕಿನಲ್ಲಿ ಆಯ್ದೆವು. ಖುಬೂಸಿನ ಕಟ್ಟಿಗೆ ಅಂಟಿದ ಮಣ್ಣನ್ನು ಆತ ಅಂಗಿಯ ತುದಿಯಿಂದ ಒರೆಸಿದ.

ಬಾಂಗ್ಲಾದೇಶದವನು. ಕ್ಯಾಂಪಿನಿಂದ ಅಂಗಡಿಗೆ ಬಂದಿದ್ದನಂತೆ. ನಾನು ನೀರು ತೆಗೆಯಲು ಕಾರಿನ ಹಿಂಬಾಗಿಲು ತೆರೆದಾಗ ಅವನ ಕಣ್ಣು ನನ್ನ ಸೈಕಲ್ಲಿನ ಮೇಲೆ ಬಿತ್ತು. ಮುಂದಿನ ಫೋರ್ಕನ್ನು ಒತ್ತಿ ನೋಡಿ, ಅದು ಮೆತ್ತಗೆ ಕುಸಿದು ಮೇಲೆದ್ದದ್ದಕ್ಕೆ ನಕ್ಕ. "ಕಿತ್ನಾ ರಿಯಾಲ್?" ಎಂದ.

"ನಲವತ್ತು," ಎಂದೆ.

ಅದರ ನಿಜವಾದ ಬೆಲೆ ಎಂಟುನೂರು. ಯೋಚಿಸದೆ ಬಾಯಿಂದ ಬಂದ ಸುಳ್ಳು ಅದು. ಆತ ನಂಬಿದನೋ ಇಲ್ಲವೋ ತಿಳಿಯದು. ತನ್ನದು ಹನ್ನೆರಡು ರಿಯಾಲಿನ ಸೆಕೆಂಡ್ ಹ್ಯಾಂಡ್ ಮಾಲು ಎಂದ. ಆಮೇಲೆ ನನ್ನ ಹೆಲ್ಮೆಟ್, ದೀಪಗಳನ್ನು ತೋರಿಸಿ, ಬೆಟ್ಟದ ಮೇಲೆ ಗಾಡಿಗಳು ಓಡಾಡುತ್ತವೆಯೇ ಎಂದು ಕೇಳಿದ. ಇಲ್ಲ, ಅಲ್ಲಿ ಗಾಡಿಗಳಿಲ್ಲ ಎಂದೆ. ಆತ ತಲೆಯಾಡಿಸಿ, ಸೈಕಲ್ ಹತ್ತಿ ಕತ್ತಲಲ್ಲಿ ಹೊರಟುಹೋದ.

ಯಾರೂ ಇಲ್ಲದ ಬೆಟ್ಟದ ಕಲ್ಲುಗಳಿಗೆ ನಾನು ಬೆಳಕು ಬಿಟ್ಟು ಬಂದಿದ್ದೆ. ಲಾರಿಗಳು ಓಡುವ ರಸ್ತೆಯಲ್ಲಿ ಅವನ ಬಳಿ ದೀಪವಿರಲಿಲ್ಲ.

ಮುಂದಿನ ವಾರ ಇದನ್ನು ಗೆಳೆಯರ ಮುಂದೆ ಇಟ್ಟೆ. ಸೈಕಲ್ ದಾರಿ ಬೇಕೆಂದು ಮನವಿ ಬರೆಯುವ ಮಾತು ನಮ್ಮಲ್ಲಿ ಆಗಾಗ ಬರುತ್ತದೆ. ಕಡಲ ದಂಡೆಯಲ್ಲಿ ಒಂದು, ವಾದಿಯ ಪಕ್ಕದಲ್ಲಿ ಒಂದು. ಹಾಗಾದರೆ ಕ್ಯಾಂಪುಗಳಿಂದ ಅಂಗಡಿ ಬೀದಿಗೆ ಹೋಗುವ ದಾರಿಯನ್ನು ಮೊದಲು ಕೇಳೋಣ ಎಂದೆ. ಒಬ್ಬರು ಹೇಳಿದರು: "ಅವರು ಸೈಕ್ಲಿಸ್ಟ್‌ಗಳಲ್ಲ, ಕಾರ್ಮಿಕರು. ಅದು ಅವರವರ ಕಂಪನಿ ನೋಡಿಕೊಳ್ಳಬೇಕಾದ ವಿಷಯ. ನಮ್ಮದು ಕ್ರೀಡೆ."

ಈ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕ್ರೀಡೆಯ ಹುಟ್ಟನ್ನೇ ನೋಡಿ. ಮೌಂಟನ್ ಬೈಕ್ ಹುಟ್ಟಿದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ. ಅಲ್ಲಿನ ಹುಡುಗರು ಗುಡ್ಡ ಇಳಿಯಲು ಬಳಸಿದ್ದು ಹೊಸ ಸೈಕಲ್ಲುಗಳನ್ನಲ್ಲ. 1930, 40ರ ದಶಕಗಳ ದಪ್ಪ ಟೈರಿನ ಶ್ವಿನ್ ಸೈಕಲ್ಲುಗಳನ್ನು, ಪೇಪರ್ ಹಾಕುವ ಹುಡುಗರು ತುಳಿಯುತ್ತಿದ್ದಂಥ ಗಟ್ಟಿ ಗಾಡಿಗಳನ್ನು, ಗುಜರಿಯಿಂದ ಎತ್ತಿ ತಂದರು. 1976ರ ಅಕ್ಟೋಬರ್ 21ರಂದು ನಡೆದ ಮೊದಲ ರಿಪ್ಯಾಕ್ ರೇಸಿನ ಹೆಸರು ಬಂದದ್ದೇ ಆ ಹಳೇ ಸೈಕಲ್ಲುಗಳಿಂದ: ಒಂದು ಸಲ ಗುಡ್ಡ ಇಳಿದರೆ ಹಿಂಚಕ್ರದ ಬ್ರೇಕ್ ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಿತ್ತು. ಅದೇ ಆಟ ಇಪ್ಪತ್ತು ವರ್ಷಗಳಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸ್ ಸೇರಿತು. ನಾವು ಸವಾರಿ ಮಾಡುತ್ತಿರುವುದು ದುಡಿಯುವ ಹುಡುಗರ ಸೈಕಲ್ಲಿನ ಮೊಮ್ಮಗುವನ್ನು.

ದಾರಿಗಳ ಕಥೆಯೂ ಅಷ್ಟೇ. ನಾವು 'ಟ್ರೇಲ್' ಎಂದು ಕರೆಯುವ ಇಕ್ಕಟ್ಟಿನ ಹಾದಿಗಳನ್ನು ಯಾರೂ ನಮಗಾಗಿ ಕಡಿದದ್ದಲ್ಲ. ಕತ್ತೆಗಳ ಗೊರಸು, ಮೇಕೆ ಕಾಯುವವರ ಕಾಲು ಸವೆಸಿದವು. ಸೊಹಾರಿನ ಹಿಂದಿನ ಈ ಬೆಟ್ಟಗಳು ತಾಮ್ರದ ಬೆಟ್ಟಗಳು. ಸುಮೇರಿಯನ್ನರ ಬರಹಗಳಲ್ಲಿ ಬರುವ ತಾಮ್ರದ ನಾಡು 'ಮಗಾನ್' ಎಂದರೆ ಇದೇ ಒಮಾನಿನ ಸೀಮೆ ಎಂದು ವಿದ್ವಾಂಸರು ಗುರುತಿಸುತ್ತಾರೆ. ತಾಮ್ರ ಕರಗಿಸಿ ಸುರಿದ ಕಿಟ್ಟದ ಗುಡ್ಡೆಗಳು ಇಂದಿಗೂ ಅಲ್ಲಲ್ಲಿ ಇವೆ. ಚಕ್ರ ಹಾಯ್ದರೆ ಗಾಜಿನಂತೆ ಚರಚರ ಎನ್ನುತ್ತದೆ. ಆ ಕುಲುಮೆಗೆ ಸೌದೆ ಹೊತ್ತವನ ಹಾದಿಯಲ್ಲಿ ಆಡುತ್ತ, ಇವತ್ತು ದುಡಿಯಲು ಸೈಕಲ್ ತುಳಿಯುವವನನ್ನು "ಸೈಕ್ಲಿಸ್ಟ್ ಅಲ್ಲ" ಎನ್ನುವುದು ಯಾವ ನ್ಯಾಯ?

ಕಂಪನಿ ನೋಡಿಕೊಳ್ಳಲಿ ಎಂಬ ಮಾತಿಗೆ ಬರೋಣ. ಇಲ್ಲಿನ ಕಾರ್ಖಾನೆಯೊಂದರಲ್ಲಿ ದುಡಿಯುವ ನನಗೆ ಅದರ ಒಳಗು ಗೊತ್ತು. ಗೇಟಿನೊಳಗೆ ಹೆಲ್ಮೆಟ್ ಇಲ್ಲದೆ ಹತ್ತು ಹೆಜ್ಜೆ ನಡೆದರೆ ಸೀಟಿ ಊದುತ್ತಾರೆ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಸುರಕ್ಷತೆಯ ಪಾಠ. ಗೇಟಿನ ಬಳಿ ದೊಡ್ಡ ಬೋರ್ಡು: ಅಪಘಾತವಿಲ್ಲದ ದಿನಗಳು ಇಷ್ಟು. ಅದು ಒಳ್ಳೆಯದೇ. ಆದರೆ ಅದೇ ಮನುಷ್ಯ ರಾತ್ರಿ ಊಟದ ಸಾಮಾನಿಗೆ ಸೈಕಲ್ ಹತ್ತಿದರೆ ಆ ಬೋರ್ಡಿನ ಲೆಕ್ಕದಿಂದ ಹೊರಗೆ. ಅವನು ರಸ್ತೆಯಲ್ಲಿ ಬಿದ್ದರೆ ಬೋರ್ಡಿನ ಅಂಕಿ ಸೊನ್ನೆಗೆ ಇಳಿಯುವುದಿಲ್ಲ. ಸೈಕಲ್ ಕ್ಲಬ್ಬು ಕಾರ್ಮಿಕ ಎನ್ನುತ್ತದೆ, ಕಾರ್ಖಾನೆ ದಾರಿಹೋಕ ಎನ್ನುತ್ತದೆ. ಇಬ್ಬರ ಲೆಕ್ಕಕ್ಕೂ ಸಿಗದ ಅವನು ಕತ್ತಲಲ್ಲಿ ಉಳಿಯುತ್ತಾನೆ.

"ರಾಂಗ್ ಸೈಡಿನಲ್ಲಿ ಬರ್ತಾರೆ, ದೀಪ ಹಾಕೋದಿಲ್ಲ, ತಪ್ಪು ಅವರದೇ" ಎನ್ನುವವರಿದ್ದಾರೆ. ತಪ್ಪು ಹೌದು. ಆದರೆ ಹೆದ್ದಾರಿಯ ಆಚೆ ಬದಿ ಸೇರಲು ಕಾರಿನವನು ಮುಂದಿನ ತಿರುವಿನವರೆಗೆ ಹೋಗಿ ಬಂದರೆ ಐದು ನಿಮಿಷ. ಜುಲೈ ತಿಂಗಳ ಸೆಕೆಯಲ್ಲಿ ಅದೇ ದೂರವನ್ನು ಸೈಕಲ್ ತುಳಿದು ನೋಡಿ, ಆಮೇಲೆ ಮಾತಾಡೋಣ. ಕನಿಷ್ಠ ದೀಪವನ್ನಾದರೂ ಕೊಳ್ಳಬಾರದೇ ಎಂದರೆ, ಎರಡು ರಿಯಾಲ್ ನನಗೆ ಒಂದು ಲೋಟ ಕಾಫಿ, ಊರಿಗೆ ದುಡ್ಡು ಕಳಿಸುವವನಿಗೆ ಹಾಗಲ್ಲ. ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಡೈನಮೋ ದೀಪವಿಲ್ಲದೆ ರಾತ್ರಿ ಸೈಕಲ್ ಹೊಡೆದರೆ ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಬೈದುಕೊಂಡು ತಳ್ಳಿಕೊಂಡು ಹೋಗುತ್ತಿದ್ದೆವು. ಈಗ ಅನಿಸುತ್ತದೆ, ಆಗ ಸೈಕಲ್ಲಿನವನನ್ನು ಪೊಲೀಸನಾದರೂ ಲೆಕ್ಕಕ್ಕೆ ಹಿಡಿಯುತ್ತಿದ್ದ.

ಲೆಕ್ಕಕ್ಕೆ ಹಿಡಿದರೆ ನಿಯಮ ಬರುತ್ತದೆ. ಒಮಾನಿನಲ್ಲೇ ನೋಡಿ: ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಬಿಸಿಲಿಗೆ ಬೀಳುವ ದೇಹವನ್ನು ಯಾರೋ ಎಣಿಸಿದರು, ಅದಕ್ಕೇ ಆ ನಿಯಮ ಬಂತು. ಸೊಹಾರ್ ಬಂದರು ಒಮಾನ್ ಮತ್ತು ರಾಟರ್‌ಡ್ಯಾಮ್ ಬಂದರಿನ ಜಂಟಿ ಸಾಹಸ. ಆ ರಾಟರ್‌ಡ್ಯಾಮ್ ಇರುವ ನೆದರ್ಲೆಂಡ್ಸಿನಲ್ಲಿ ಇವತ್ತು ಜನರಿಗಿಂತ ಸೈಕಲ್ಲುಗಳೇ ಹೆಚ್ಚು. ಸೈಕಲ್ ದಾರಿಗಳು ಅಲ್ಲಿ ನೆಲದಿಂದ ತಾವಾಗಿ ಮೊಳೆತವಲ್ಲ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ಬೀದಿಗಿಳಿದು 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಕೂಗಿದ ಮೇಲೆ ರಸ್ತೆಗಳು ಬದಲಾಗತೊಡಗಿದವು. ಸತ್ತ ಮಕ್ಕಳಿಗೆ ಅಲ್ಲಿ ತಂದೆತಾಯಿಗಳಿದ್ದರು. ಇಲ್ಲಿ ಕ್ಯಾಂಪಿನವನ ತಂದೆತಾಯಿ ಕಡಲಾಚೆ ಇದ್ದಾರೆ. ಅವರ ಪರವಾಗಿ ಕೂಗಬೇಕಾದವರು ಯಾರು?

ಸೈಕಲ್ಲನ್ನು ಪ್ರೀತಿಸುತ್ತೇವೆಂದು ಹೇಳಿಕೊಳ್ಳುವ ನಾವು ಕೂಗಬೇಕು. ದೀಪ ಹಂಚಿ, ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ಮುಗಿಸುವ ದಾನದ ಮಾತನ್ನು ನಾನು ಆಡುತ್ತಿಲ್ಲ. ನಮ್ಮ ಮನವಿಯ ಮೊದಲ ಸಾಲಿನಲ್ಲಿ ಕ್ಯಾಂಪಿನ ದಾರಿ ಇರಲಿ, ಕಡಲ ದಂಡೆಯ ದಾರಿ ಎರಡನೆಯದಾಗಲಿ. ಇನ್ನೊಂದು ಮಾತು ನನ್ನ ಕನ್ನಡದ ಗೆಳೆಯರಿಗೆ. ಸೈಕಲ್ ಕಂಡರೆ ನಗುವ ನೀವೇ ಈ ಕಾರ್ಖಾನೆಗಳಲ್ಲಿ ಸೂಪರ್‌ವೈಸರ್‌ಗಳು, ಸೇಫ್ಟಿ ಆಫೀಸರ್‌ಗಳು, ಮ್ಯಾನೇಜರ್‌ಗಳು. ಮೂಟೆ ಹೊತ್ತ ಅಪ್ಪನ ಸೈಕಲ್ಲನ್ನು ಹೆಮ್ಮೆಯಿಂದ ನೆನೆಯುವವರು, ಈರುಳ್ಳಿ ಹೊತ್ತ ಇವನ ಸೈಕಲ್ಲನ್ನು ಸುರಕ್ಷತಾ ಸಭೆಯಲ್ಲಿ ಒಮ್ಮೆ ನೆನೆಯಿರಿ. ಕೆಲಸಗಾರನಿಗೆ ಬೂಟು, ಹೆಲ್ಮೆಟ್ ಕೊಡುವ ಪಟ್ಟಿಗೆ ಎರಡು ದೀಪ ಸೇರಿಸುವುದಕ್ಕೆ ಎಷ್ಟು ಖರ್ಚಾದೀತು?

ನಮ್ಮಲ್ಲಿನ ಸಭೆಯಲ್ಲಿ ನಾನು ಈ ವಿಷಯ ಎತ್ತಿದೆ. ನಡಾವಳಿಯಲ್ಲಿ 'ಗಮನಿಸಲಾಗಿದೆ' ಎಂದು ಬರೆದರು. ಮುಂದಿನ ತಿಂಗಳು ಮತ್ತೆ ಎತ್ತುತ್ತೇನೆ. ಶುಕ್ರವಾರದ ಸವಾರಿಯನ್ನೂ ಬಿಡುವುದಿಲ್ಲ. ಬಿಟ್ಟರೆ ಯಾರಿಗೂ ಲಾಭವಿಲ್ಲ. ಆದರೆ ಕಾರಿನ ಮೇಲೆ ಸೈಕಲ್ ಹೇರಿಕೊಂಡು ಫಲಜ್ ಅಲ್ ಕಬಾಯಿಲ್ ದಾಟುವಾಗ ವೇಗ ಇಳಿಸಿ ರಸ್ತೆಯ ಅಂಚು ನೋಡುತ್ತೇನೆ. ಅವನು ಮತ್ತೆ ಸಿಕ್ಕಿಲ್ಲ. ಸಿಕ್ಕಿದರೆ ಮೊದಲು ಸೈಕಲ್ಲಿನ ನಿಜವಾದ ಬೆಲೆ ಹೇಳಬೇಕು.