ಗುಟ್ಟಿನ ಮನೆಯ ಬಾಗಿಲು

ಕಲ್ಲುಕುಟಿಗನ ಚೀಲದಲ್ಲಿರುವ ಮೂಲೆಮಟ್ಟ, ಕೈವಾರ, ತೂಗುಗುಂಡು, ಸುತ್ತಿಗೆ, ಉಳಿ ಇವುಗಳಲ್ಲಿ ಗುಟ್ಟೆಂಬುದೇನೂ ಇಲ್ಲ. ಆದರೆ ಇವನ್ನೇ ಸಂಕೇತಗಳಾಗಿ ಮುಂದಿಟ್ಟುಕೊಂಡು, ಹೊರಬಾಗಿಲಿಗೆ ಕತ್ತಿ ಹಿಡಿದ ಕಾವಲುಗಾರನನ್ನು ನಿಲ್ಲಿಸಿ, ಮುನ್ನೂರು ವರ್ಷಗಳಿಂದ ಸಭೆ ಸೇರುತ್ತಿರುವ ಒಂದು ಭ್ರಾತೃಸಂಘವುಂಟು. ಅದೇ ಫ್ರೀಮೇಸನ್ನರ ಸಂಘ. ಅವರ ಸಭಾಗೃಹಕ್ಕೆ ‘ಲಾಡ್ಜು’ ಎಂದು ಹೆಸರು. ಊಟ ವಸತಿಗಳ ಲಾಡ್ಜಿಗೂ ಇದಕ್ಕೂ ಸಂಬಂಧವಿಲ್ಲ. ಒಳಗೇನು ನಡೆಯುವುದೆಂದು ತಿಳಿಯದ ಉತ್ತರ ಭಾರತದ ಜನ ಅದನ್ನು ‘ಜಾದೂಘರ್’ ಎಂದು ಕರೆದರು.

ಮಧ್ಯಯುಗದ ಬ್ರಿಟನ್ನಿನಲ್ಲಿ ಕಲ್ಲುಕೆಲಸದವರು ಕಟ್ಟಿಕೊಂಡಿದ್ದ ಕೂಟಗಳಿಗೆ ಕಾಲಕ್ರಮದಲ್ಲಿ ಉಳಿ ಹಿಡಿದು ಅರಿಯದ ವಿದ್ವಾಂಸರೂ ಶ್ರೀಮಂತರೂ ಸೇರತೊಡಗಿದರು. ಪ್ರಾಚ್ಯವಸ್ತು ಸಂಗ್ರಾಹಕ ಎಲಿಯಾಸ್ ಆಶ್ಮೋಲನು 1646ರಲ್ಲಿಯೇ ಹಾಗೆ ಸೇರಿದವನು. 1717ರ ಜೂನ್ 24ರಂದು ಲಂಡನ್ನಿನ ಪಾನಗೃಹವೊಂದರಲ್ಲಿ ನಾಲ್ಕು ಲಾಡ್ಜುಗಳು ಕೂಡಿ ಮೊದಲ ಗ್ರ್ಯಾಂಡ್ ಲಾಡ್ಜನ್ನು ಸ್ಥಾಪಿಸಿದವೆಂದು ಸಂಘದ ಪರಂಪರೆ ಹೇಳುತ್ತದೆ. 1723ರಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಪಾದ್ರಿಯು ನಿಯಮಗ್ರಂಥವನ್ನು ರಚಿಸಿದನು. 1738ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟರು ಕ್ಯಾಥೊಲಿಕರು ಇದನ್ನು ಸೇರಕೂಡದೆಂದು ಆಜ್ಞಾಪಿಸಿದರು.

ಗುಟ್ಟಿನ ಮಾತಿಗೆ ಬಂದರೆ, ಅದು ಬಹುಕಾಲ ಉಳಿಯಲಿಲ್ಲ. 1730ರಲ್ಲಿಯೇ ಸ್ಯಾಮ್ಯುಯೆಲ್ ಪ್ರಿಚರ್ಡನು ದೀಕ್ಷಾವಿಧಿಗಳನ್ನು ಅಚ್ಚು ಹಾಕಿಸಿ ಬೀದಿಗೆ ತಂದನು. ಗುಟ್ಟಿಗಿಂತ ಆ ವಿಧಿಗಳ ಅರ್ಥವೇ ಹೆಚ್ಚು ಸ್ವಾರಸ್ಯಕರವಾದುದು. ದೀಕ್ಷೆಗೆ ಬಂದವನ ಕಣ್ಣು ಕಟ್ಟಿ, ಕೊರಳಿಗೆ ಹಗ್ಗ ತೊಡಿಸಿ, ಮೈಮೇಲಿನ ನಾಣ್ಯ ಒಡವೆಗಳನ್ನೆಲ್ಲ ತೆಗೆಸುತ್ತಾರೆ. ಅನಂತರ, ಕಷ್ಟದಲ್ಲಿರುವವರಿಗಾಗಿ ಏನಾದರೂ ಕೊಡೆಂದು ಅವನನ್ನೇ ಬೇಡುತ್ತಾರೆ! ಕೊಡೋಣವೆಂದರೆ ಬಿಡಿಗಾಸಿಲ್ಲ. ಇಲ್ಲದವನ ಸಂಕಟವನ್ನು ಉಳ್ಳವನಿಗೆ ತಿಳಿಸಲು ಇದಕ್ಕಿಂತ ಸುಲಭವಾದ ಉಪಾಯ ಬೇರೆ ಇರಲಾರದು. ಒರಟುಗಲ್ಲು ಸಂಸ್ಕಾರವಿಲ್ಲದ ಮನಸ್ಸು. ಕೆತ್ತಿ ನಯಗೊಳಿಸಿದ ಕಲ್ಲು ಸಂಸ್ಕೃತನಾದ ಮನುಷ್ಯ. ಮೂಲೆಮಟ್ಟವು ನೇರ ನಡತೆಯನ್ನು ಸೂಚಿಸಿದರೆ, ಮಟ್ಟ ನೋಡುವ ಸಾಧನವು ಎಲ್ಲರೂ ಸಮಾನರೆಂಬುದನ್ನು ಸೂಚಿಸುತ್ತದೆ. ಮೂರನೆಯ ದೀಕ್ಷೆಯಲ್ಲಿ ಸಾಲೊಮನ್ ಅರಸನ ದೇವಾಲಯವನ್ನು ಕಟ್ಟಿದ ಹೀರಾಮನ ಕಥೆ ಬರುತ್ತದೆ. ಗುಟ್ಟನ್ನು ಬಿಟ್ಟುಕೊಡದೆ ಮೂವರು ದ್ರೋಹಿಗಳ ಕೈಯಲ್ಲಿ ಸತ್ತ ಆ ಶಿಲ್ಪಿಯ ಪಾತ್ರವನ್ನು ದೀಕ್ಷೆ ಪಡೆಯುವವನೇ ವಹಿಸಬೇಕು. ಬಿದ್ದವನನ್ನು ಸೋದರರು ಕೈಹಿಡಿದು ಎಬ್ಬಿಸುತ್ತಾರೆ.

ಜಗತ್ತಿಗೆಲ್ಲ ಒಬ್ಬನೇ ಮಹಾಶಿಲ್ಪಿ, ಅವನನ್ನು ನಂಬಿದವರೆಲ್ಲರೂ ಸೋದರರು ಎಂಬುದು ತತ್ತ್ವ. ಇದು ನಿಜವಾಗಿ ಒರೆಗೆ ಹತ್ತಿದುದು ಭಾರತದಲ್ಲಿ. 1730ರ ಹೊತ್ತಿಗೆ ಕಲ್ಕತ್ತೆಯಲ್ಲಿ ಕಂಪೆನಿಯವರ ಲಾಡ್ಜು ಆರಂಭವಾಗಿತ್ತು. 1770ರ ದಶಕದಲ್ಲಿ ಆರ್ಕಾಟಿನ ನವಾಬರ ಮಗ ಉಮ್ದತ್-ಉಲ್-ಉಮ್ರಾ ತಿರುಚಿನಾಪಳ್ಳಿಯಲ್ಲಿ ದೀಕ್ಷೆ ಪಡೆದಾಗ ಲಂಡನ್ನಿನಿಂದ ಉಡುಗೊರೆಯಾಗಿ ಸಂಘದ ಮುಂಗವಚ ಬಂದಿತು. ನವಾಬರ ಮಗನ ಸೋದರತ್ವ ಯಾರಿಗೆ ತಾನೆ ಬೇಡ? ಸಾಮಾನ್ಯ ಗೃಹಸ್ಥರ ಪಾಡೇ ಬೇರೆ. ಮುಂಬಯಿಯ ಪಾರ್ಸಿ ಮಾನಕ್‌ಜೀ ಕರ್ಸೆಟ್‌ಜೀಯವರಿಗೆ ತಮ್ಮ ಊರಿನ ಬಾಗಿಲು ತೆರೆಯಲಿಲ್ಲ. ಅವರು ದೂರದ ಪ್ಯಾರಿಸ್ಸಿಗೆ ಹೋಗಿ ಅಲ್ಲಿ ದೀಕ್ಷೆ ಪಡೆಯಬೇಕಾಯಿತು. ಕಡೆಗೆ 1843ರಲ್ಲಿ ಜೇಮ್ಸ್ ಬರ್ನ್ಸನ ನೆರವಿನಿಂದ ಭಾರತೀಯರನ್ನೂ ಸೇರಿಸಿಕೊಳ್ಳುವ ‘ರೈಸಿಂಗ್ ಸ್ಟಾರ್’ ಲಾಡ್ಜು ಮುಂಬಯಿಯಲ್ಲಿ ಹುಟ್ಟಿತು.

ಬಂಗಾಳದಲ್ಲಿ ಹಿಂದೂಗಳಿಗೆ ಇದಕ್ಕೂ ದೊಡ್ಡ ಅಡ್ಡಿ. ಅನೇಕ ದೇವರನ್ನು ಪೂಜಿಸುವವನು ಒಬ್ಬನೇ ಮಹಾಶಿಲ್ಪಿಯ ಹೆಸರಿನಲ್ಲಿ ಆಣೆಯಿಡುವುದೆಂತು? ಜಾತಿಯನ್ನು ಬಿಡದವನು ಸೋದರನಾಗುವುದೆಂತು? ಪ್ರಾಂತದ ಮುಖ್ಯಸ್ಥ ಸ್ಯಾಂಡಿಮನ್ನನ ಆಕ್ಷೇಪಣೆ ಈ ಬಗೆಯದು. ಎರಡನೆಯ ಪ್ರಶ್ನೆ ನಮ್ಮವರನ್ನು ಚುಚ್ಚುವಂಥದೇ. ಆದರೆ ಬಿಳಿಯರ ಕ್ಲಬ್ಬುಗಳಲ್ಲಿ ಕರಿಯರಿಗೆ ಪ್ರವೇಶವಿಲ್ಲದ ಕಾಲದಲ್ಲಿ ಅದನ್ನು ಕೇಳಿದವರು ಯಾರೆಂಬುದನ್ನೂ ಗಮನಿಸಬೇಕು. 1863ರಲ್ಲಿ ಅರ್ಜಿ ಹಾಕಿದ ಪ್ರಸನ್ನಕುಮಾರ ದತ್ತರು ತಾವು ಒಬ್ಬನೇ ದೇವರನ್ನು ನಂಬುವವರೆಂದು ವಾದಿಸಿದರು, ಲಂಡನ್ನಿನವರೆಗೂ ಮೊರೆಯಿಟ್ಟರು, ಒಂಬತ್ತು ವರ್ಷ ಕಾದರು. 1872ರಲ್ಲಿ ಕಲ್ಕತ್ತೆಯ ‘ಆಂಕರ್ ಅಂಡ್ ಹೋಪ್’ ಲಾಡ್ಜು ಅವರನ್ನು ಒಳಗೆ ಬಿಟ್ಟುಕೊಂಡಿತು. ಹನ್ನೆರಡು ವರ್ಷಗಳ ತರುವಾಯ, 1884ರ ಫೆಬ್ರವರಿಯಲ್ಲಿ, ಅದೇ ಲಾಡ್ಜಿನಲ್ಲಿ ನರೇಂದ್ರನಾಥ ದತ್ತನೆಂಬ ತರುಣನು ದೀಕ್ಷೆ ಪಡೆದನು. ಮುಂದೆ ಲೋಕವೆಲ್ಲ ಅವನನ್ನು ಸ್ವಾಮಿ ವಿವೇಕಾನಂದರೆಂದು ಅರಿಯಿತು.

1886ರಲ್ಲಿ ಲಾಹೋರಿನ ಲಾಡ್ಜನ್ನು ಸೇರಿದ ಕಿಪ್ಲಿಂಗನಿಗೆ ಆಗಿನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ತನ್ನ ಮೂರು ದೀಕ್ಷೆಗಳಲ್ಲಿ ಒಂದನ್ನು ಬ್ರಹ್ಮಸಮಾಜದ ಹಿಂದೂ, ಒಂದನ್ನು ಮುಸಲ್ಮಾನ, ಒಂದನ್ನು ಇಂಗ್ಲಿಷಿನವನು ಕೊಟ್ಟರೆಂದು ಅವನು ಬರೆದುಕೊಂಡಿದ್ದಾನೆ. ಸಾಮ್ರಾಜ್ಯದ ಕವಿಗೆ ಆ ಕೂಟದ ನೆನಪು ಕೊನೆಯವರೆಗೂ ಮಾಸಲಿಲ್ಲ. ಆದರೂ ಆ ಕೂಟವನ್ನು ಕುರಿತು ಅವನು ಬರೆದ ಕವಿತೆಯಲ್ಲಿ ಸೋದರರು ಒಟ್ಟಿಗೆ ಔತಣಕ್ಕೆ ಕೂರುವುದಿಲ್ಲ, ಯಾರದಾದರೂ ಜಾತಿ ಕೆಟ್ಟೀತೆಂಬ ಭಯ!

1961ರ ನವೆಂಬರ್ 24ರಂದು ನವದೆಹಲಿಯಲ್ಲಿ ಭಾರತದ ಗ್ರ್ಯಾಂಡ್ ಲಾಡ್ಜು ಸ್ಥಾಪಿತವಾಯಿತು; ರಾಂಪುರದ ನವಾಬರು ಅದರ ಮೊದಲ ಗ್ರ್ಯಾಂಡ್ ಮಾಸ್ಟರರಾದರು. ಇಲ್ಲಿಯ ಲಾಡ್ಜುಗಳಲ್ಲಿ ಗೀತೆ, ಕುರಾನು, ಬೈಬಲ್ಲು, ಗ್ರಂಥಸಾಹೇಬ, ಅವೆಸ್ತಾಗಳು ಒಂದೇ ಪೀಠದ ಮೇಲೆ ಇರುತ್ತವೆ. ಸದಸ್ಯನು ತನ್ನ ಧರ್ಮದ ಗ್ರಂಥವನ್ನೇ ಮುಟ್ಟಿ ಆಣೆಯಿಡುತ್ತಾನೆ.

ಸ್ತ್ರೀಯರನ್ನು ಸೇರಿಸಕೂಡದೆಂಬ 1723ರ ನಿಯಮ ಮಾತ್ರ ಇಂಗ್ಲೆಂಡಿನಲ್ಲೂ ಇಲ್ಲೂ ಸಡಿಲಲಿಲ್ಲ. ಆನಿ ಬೆಸೆಂಟರು 1902ರಲ್ಲಿ, ಸ್ತ್ರೀಪುರುಷರಿಬ್ಬರನ್ನೂ ಸೇರಿಸಿಕೊಳ್ಳುತ್ತಿದ್ದ ಫ್ರಾನ್ಸಿನ ಪಂಗಡವೊಂದರಲ್ಲಿ ದೀಕ್ಷೆ ಪಡೆದು, ಅದನ್ನು ಲಂಡನ್ನಿಗೂ ಭಾರತಕ್ಕೂ ತಂದರು. ಹಳೆಯ ಗ್ರ್ಯಾಂಡ್ ಲಾಡ್ಜು ಅದನ್ನು ಮಾನ್ಯ ಮಾಡಲಿಲ್ಲ.