ಫಲಿತಾಂಶದ ದಿನ ಮನೆಯವರ ಮಾತು

ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿ ಫಲಿತಾಂಶಗಳು ಪ್ರಕಟವಾಗುವ ದಿನಗಳಲ್ಲಿ ನಮ್ಮ ನಾಡಿನ ಮನೆಮನೆಯಲ್ಲಿಯೂ ಒಂದು ಬಗೆಯ ಉದ್ವೇಗ ತುಂಬಿರುತ್ತದೆ. ಆ ಉದ್ವೇಗದ ಭಾರವನ್ನು ಹೊರತಕ್ಕವರು ಹದಿನಾರು ಹದಿನೆಂಟರ ಮಕ್ಕಳೆಂಬುದನ್ನು ಹಿರಿಯರಾದ ನಾವು ಸಾಕಷ್ಟು ಮನಗಂಡಂತೆ ತೋರುವುದಿಲ್ಲ. ಪರೀಕ್ಷೆಯ ಕಾಠಿಣ್ಯವನ್ನು ಸರಕಾರವು ಈಗಾಗಲೇ ಸಡಿಲಿಸಿದೆ. 2024ರಿಂದ ಒಂದೇ ವರ್ಷದೊಳಗೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆಗೆ ಕುಳಿತು, ಬಂದ ಅಂಕಗಳಲ್ಲಿ ಉತ್ತಮವಾದುದನ್ನು ಉಳಿಸಿಕೊಳ್ಳುವ ಅವಕಾಶ ವಿದ್ಯಾರ್ಥಿಗಳಿಗೆ ದೊರೆತಿದೆ. ಹೀಗೆ ಪರೀಕ್ಷಾ ಮಂಡಲಿಯೇ ಕಡೆಯದೆಂದು ಭಾವಿಸದ ಫಲಿತಾಂಶವನ್ನು ಮನೆಯವರು ಬಾಳಿನ ಅಂತಿಮ ತೀರ್ಪೆಂಬಂತೆ ಕಾಣುತ್ತಿರುವುದು ಶೋಚನೀಯವಾದ ಸಂಗತಿ.

ಹದಿಹರೆಯವು ಸ್ವಭಾವತಃ ಸಂಕ್ಷೋಭೆಯ ಕಾಲ. ಭಾವಗಳನ್ನು ಕೆರಳಿಸುವ ಮಿದುಳಿನ ಭಾಗಗಳು ಬೇಗನೆ ಚುರುಕಾಗುತ್ತವೆ; ಅವನ್ನು ವಿವೇಚನೆಯಿಂದ ಹದ್ದಿನಲ್ಲಿಡುವ ಮುಂಭಾಗವಾದರೋ ಇಪ್ಪತ್ತೈದರ ಆಸುಪಾಸಿಗೆ ಬಂದಲ್ಲದೆ ಪೂರ್ಣವಾಗಿ ಪಕ್ವವಾಗದು. ಈ ವಯಸ್ಸಿನ ದೇಹಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ಆ ನಿದ್ರೆ ಹತ್ತುವುದೂ ಸಹಜವಾಗಿಯೇ ತಡ. ಇಂಥ ಮಕ್ಕಳನ್ನು ನಸುಕಿನಲ್ಲಿ ಎಬ್ಬಿಸಿ ಟ್ಯೂಷನ್ನಿಗೆ ಕಳಿಸಿ, ಕಾಲೇಜು ಮುಗಿಯುತ್ತಲೇ ನೀಟ್, ಸಿಇಟಿಗಳ ತರಬೇತಿಗೆ ದೂಡಿ, ಆಮೇಲೆ ಅವರ ಸಿಡುಕನ್ನು ಅವಿಧೇಯತೆಯೆಂದೂ ಮೌನವನ್ನು ಅಹಂಕಾರವೆಂದೂ ಎಣಿಸುವುದು ನ್ಯಾಯವಲ್ಲ. ಎರಡು ವಾರಗಳಿಗೂ ಮೀರಿ ಊಟ ನಿದ್ರೆಗಳು ಕೆಟ್ಟು, ಗೆಳೆಯರ ಸಂಗ ಬೇಡವಾಗಿ, ಪ್ರಿಯವಾಗಿದ್ದ ಆಟಪಾಟಗಳಲ್ಲಿ ಆಸಕ್ತಿ ಉಡುಗಿದರೆ ಅದನ್ನು ವಯಸ್ಸಿನ ಚಾಪಲ್ಯವೆಂದು ತಳ್ಳಿಹಾಕದೆ, ನೆರವನ್ನು ಬೇಡುವ ವ್ಯಥೆಯೆಂದೇ ತಿಳಿಯತಕ್ಕದ್ದು.

ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂಬ ನೀತಿ ನಮ್ಮ ಪೂರ್ವಿಕರದು. ಮಗಳಿಗೂ ಅದು ಸಲ್ಲತಕ್ಕದ್ದೇ. "ಪಕ್ಕದ ಮನೆಯವಳಿಗೆ ಎಷ್ಟು ಬಂತು ನೋಡು", "ನಾಲ್ಕು ಜನರಿಗೆ ಮುಖ ತೋರಿಸುವುದು ಹೇಗೆ" ಎಂಬಂಥ ಮಾತುಗಳನ್ನು ಯಾವ ಮಿತ್ರನೂ ಆಡುವುದಿಲ್ಲ. ಮಿತ್ರನಾದವನು ಮೊದಲು ಕೇಳಿಸಿಕೊಳ್ಳುತ್ತಾನೆ, ಉಪದೇಶಕ್ಕೆ ಅವಸರಪಡುವುದಿಲ್ಲ. ಬದುಕೇ ಬೇಡವೆಂಬ ಸುಳಿವು ಮಗುವಿನ ಮಾತಿನಲ್ಲಿ ಕಂಡರೆ, ಅದನ್ನು ಕುರಿತು ನೇರವಾಗಿ, ಮೆಲ್ಲಗೆ ಕೇಳುವುದು ಲೇಸು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ತುಂಬಿದಂತಾಗುತ್ತದೆಂಬ ಭಯ ನಿರಾಧಾರವಾದುದು. ಕೇಳಿದಾಗ ಮಗುವಿನ ಮನಸ್ಸು ಹಗುರಾಗುವುದೇ ಹೆಚ್ಚು. ಆ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡದೆ, ಒಡನೆಯೇ ವೈದ್ಯರ ನೆರವನ್ನು ಪಡೆಯಬೇಕು.

ನೆರವಿನ ದಾರಿಗಳೂ ಇಂದು ತೆರೆದಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರಸ್ಥಾನ. 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಿ, ಕನ್ನಡದಲ್ಲಿಯೇ, ಯಾವ ಶುಲ್ಕವೂ ಇಲ್ಲದೆ ಮಾತನಾಡಬಹುದು. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರಲ್ಲಿ ನಿರ್ದೇಶಿಸಿದೆ. ಆದರೆ ಮಾನಸಿಕ ಚಿಕಿತ್ಸೆಯೆಂದೊಡನೆ ಊರವರ ಮಾತಿಗೂ ಮುಂದಿನ ಮದುವೆಯ ಮಾತುಕತೆಗೂ ಅಂಜಿ, ಮಗುವಿನ ಸಂಕಟವನ್ನು ನಾಲ್ಕು ಗೋಡೆಗಳೊಳಗೆ ಮುಚ್ಚಿಡುವ ರೂಢಿ ಅಳಿಯದಿದ್ದರೆ, ಈ ಏರ್ಪಾಡುಗಳೆಲ್ಲವೂ ನಿಷ್ಫಲ.

ಆದುದರಿಂದ ತಾಯ್ತಂದೆಗಳಲ್ಲಿ ನನ್ನ ವಿನಂತಿ ಇಷ್ಟೇ: ಫಲಿತಾಂಶ ಏನೇ ಬರಲಿ, ಅಂದು ಮಗುವನ್ನು ಬಳಿಯಲ್ಲಿ ಕೂರಿಸಿಕೊಂಡು ಒಟ್ಟಿಗೆ ಊಟಮಾಡಿರಿ, ಅಂಕಗಳ ವಿಚಾರ ಮರುದಿನಕ್ಕಿರಲಿ. ಪರೀಕ್ಷೆಯನ್ನು ಮತ್ತೆ ಬರೆಯಬಹುದು. ನಿಮ್ಮ ಮಗುವಿಗೆ ಪರ್ಯಾಯವಿಲ್ಲ.