ಒಕ್ಕಲುತನದ ಉಪಕರಣಗಳೂ ನಕಾಶೆಯ ವಿದ್ಯೆಯೂ

ಬೀಜ, ಗೊಬ್ಬರ, ಒಡ್ಡು, ಬೆಳೆಯ ರೋಗ ಮೊದಲಾದವುಗಳ ವಿಷಯವಾಗಿ ಈ ಪತ್ರಿಕೆಯಲ್ಲಿ ತಿಂಗಳು ತಿಂಗಳೂ ಲೇಖನಗಳು ಬರುತ್ತಲೇ ಇರುವವು. ಗ್ರಾಮದ ಹಿರಿಯರೂ ಭೂಮಾಲಕರೂ ಅವನ್ನು ಓದಿ ತಮ್ಮ ಊರಿನ ಒಕ್ಕಲಿಗರಿಗೆ ತಿಳಿಸಿ ಹೇಳುತ್ತಿರುವದು ಸಂತೋಷದ ಸಂಗತಿ. ಆದರೆ ಒಕ್ಕಲುತನಕ್ಕೆ ಇವುಗಳಷ್ಟೇ ಅವಶ್ಯವಾಗಿದ್ದರೂ ನಮ್ಮ ಲಕ್ಷ್ಯಕ್ಕೆ ಬಾರದೆ ಉಳಿದ ವಿದ್ಯೆಯೊಂದುಂಟು. ಅದು ಯಂತ್ರಗಳ ನಕಾಶೆಯನ್ನು ಬರೆಯುವ ಮತ್ತು ಓದುವ ವಿದ್ಯೆ. ಕಾರಖಾನೆಗಳಲ್ಲಿ ಇದನ್ನು ಡ್ರಾಯಿಂಗ್ ಎಂದು ಕರೆಯುವರು. ಪ್ರತಿಯೊಂದು ಊರಿನಲ್ಲಿಯೂ ಈ ವಿದ್ಯೆಯನ್ನು ಬಲ್ಲವರು ಒಬ್ಬರಾದರೂ ಇರಬೇಕು. ಅವರನ್ನು ಸಿದ್ಧಪಡಿಸುವ ಹೊಣೆಯು ಊರ ಹಿರಿಯರದು ಎಂಬದು ಈ ಲೇಖಕನ ಅಭಿಪ್ರಾಯ.

ಈ ಅಭಿಪ್ರಾಯವು ಅನುಭವದಿಂದ ಬಂದದ್ದು. ಕೆಲವು ವರ್ಷಗಳ ಹಿಂದೆ ಹಿಂಗಾರಿ ಹಂಗಾಮಿನಲ್ಲಿ, ಗಬ್ಬೂರಿನ ಸುತ್ತಲಿನ ಎರೆಯ ಸೀಮೆಯ ಒಂದು ಊರಲ್ಲಿ, ಒಬ್ಬ ಭೂಮಾಲಕರ ಟ್ರ್ಯಾಕ್ಟರ್ ಕೂರಿಗೆಯಲ್ಲಿ ಬೀಜ ಉದುರಿಸುವ ದಂಡವು ಮುರಿಯಿತು. ಕಡಲೆ ಬಿತ್ತಲು ಭೂಮಿಯಲ್ಲಿ ಒಳ್ಳೆಯ ಹದವಿತ್ತು. “ಮುರಿದ ತುಂಡನ್ನೇ ಒಯ್ದು ತೋರಿಸಿರಿ, ಅದರಂತೆ ಮಾಡಿಕೊಡುವರು” ಎಂದು ಸಲಹೆ ಕೊಟ್ಟವನು ನಾನೇ. ಹೆದ್ದಾರಿಯ ಮಗ್ಗುಲಿನ ಅಂಗಡಿಯೊಂದರಲ್ಲಿ ಹಾಗೆಯೇ ಮಾಡಿಕೊಟ್ಟರು. ಆದರೆ ಹಳೆಯ ದಂಡವು ಹಲವು ಹಂಗಾಮು ತಿರುಗಿ ಸವೆದಿತ್ತು. ಆ ಸವೆದ ಅಳತೆಯನ್ನೇ ಹಿಡಿದು ಹೊಸದನ್ನು ಕಡೆದದ್ದರಿಂದ ಅದು ಬೇರಿಂಗಿನಲ್ಲಿ ಸಡಿಲಾಗಿ ಅಲುಗಾಡಿತು. ಬೀಜವು ಒಂದು ಸಾಲಿನಲ್ಲಿ ದಟ್ಟವಾಗಿಯೂ ಇನ್ನೊಂದರಲ್ಲಿ ವಿರಳವಾಗಿಯೂ ಬಿದ್ದಿತು. ಎರಡನೆಯ ಸಲ ಮಾಡಿಸಿದ್ದು ದಪ್ಪವಾಯಿತು, ಮೂರನೆಯದು ಗಿಡ್ಡವಾಯಿತು. “ಸಾಹೇಬರ, ಅಂಗಡಿ ಕಾದೀತು, ಹದ ಕಾಯೂದಿಲ್ಲ ನೋಡ್ರಿ” ಎಂದು ಆ ಹಿರಿಯರು ಅಂದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಎಂಟು ದಿನಗಳಲ್ಲಿ ಎರೆಯ ಮೇಲ್ಪದರದ ತೇವವು ಆರಿತು. ಕಡಲೆಯು ಅಲ್ಲಲ್ಲಿ ಮಾತ್ರ ಮೊಳೆಯಿತು.

ಇದರಲ್ಲಿ ಅಂಗಡಿಯವನ ಮೋಸವೇನೂ ಇರಲಿಲ್ಲ. ಅವನಿಗೆ ಕೊಟ್ಟದ್ದು ಸವೆದ ಕಬ್ಬಿಣ. ಅಳತೆ ಬರೆದ ಕಾಗದವನ್ನು ಯಾರೂ ಕೊಟ್ಟಿರಲಿಲ್ಲ. ಕೊನೆಗೆ ಅದೇ ಊರಿನ ಬಡಿಗೇರ ಮನೆತನದ ಹುಡುಗನೊಬ್ಬನು, ಐ.ಟಿ.ಐ.ಯಲ್ಲಿ ಕಲಿಯುತ್ತಿದ್ದವನು, ರಜೆಗೆ ಮನೆಗೆ ಬಂದನು. ಅವನು ಮುರಿದ ದಂಡವನ್ನು ಬದಿಗಿರಿಸಿ, ದಂಡವು ಕೂಡ್ರುವ ಬೇರಿಂಗನ್ನು ಒರಸಿ ನೋಡಿದನು. ಅದರ ಮೇಲೆ 6205 ಎಂಬ ಅಂಕಿಯಿತ್ತು. ಈ ಅಂಕಿಯ ಬೇರಿಂಗಿನ ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52 ಮಿ.ಮೀ., ಅಗಲ 15 ಮಿ.ಮೀ. ಎಂಬದು ಎಲ್ಲ ದೇಶಗಳಲ್ಲಿಯೂ ಗೊತ್ತಾದ ಅಳತೆ. ಅಂದಮೇಲೆ ಅಲ್ಲಿ ಕೂಡ್ರುವ ದಂಡದ ಮೂಲ ಅಳತೆಯು 25 ಮಿ.ಮೀ. ಇದ್ದಿರಲೇಬೇಕು. ಉದ್ದವನ್ನು ಕೂರಿಗೆಯ ಚೌಕಟ್ಟಿನಿಂದಲೇ ಅಳೆದು, ನೋಟುಪುಸ್ತಕದ ಹಾಳೆಯಲ್ಲಿ ನಕಾಶೆ ಬರೆದುಕೊಟ್ಟನು. ಆ ಕಾಗದದಂತೆ ಮಾಡಿದ ದಂಡವು ಒಂದೇ ಸಲಕ್ಕೆ ಕೂಡಿತು. ಆದರೆ ಆಗ ಆ ವರ್ಷದ ಕಡಲೆಯ ಕಾಲ ಮೀರಿತ್ತು.

ನಕಾಶೆಯೆಂದರೆ ನಮ್ಮ ಜನರಿಗೆ ಹೊಸದೇನಲ್ಲ. ಹೊಲದ ನಕಾಶೆಯಿಲ್ಲದೆ ಬದುವಿನ ತಂಟೆ ತೀರುವದಿಲ್ಲವೆಂಬದನ್ನು ಪ್ರತಿಯೊಬ್ಬ ಭೂಮಾಲಕನೂ ಬಲ್ಲನು. ಯಂತ್ರದ ನಕಾಶೆಯೂ ಅದೇ ಜಾತಿಯದು. ಒಂದು ವಸ್ತುವನ್ನು ಎದುರಿನಿಂದ, ಮೇಲಿನಿಂದ ಮತ್ತು ಮಗ್ಗುಲಿನಿಂದ ನೋಡಿದಂತೆ ಮೂರು ಚಿತ್ರಗಳನ್ನು ಬರೆಯುವರು. ನಮ್ಮ ದೇಶದ ಪದ್ಧತಿಯಲ್ಲಿ ಮೇಲಿನ ನೋಟವನ್ನು ಎದುರಿನ ನೋಟದ ಕೆಳಗೆ ಇಡುವರು. ಕಾಣುವ ಅಂಚಿಗೆ ದಪ್ಪ ಗೆರೆ, ಒಳಗೆ ಮರೆಯಾದ ಅಂಚಿಗೆ ತುಂಡುಗೆರೆ, ನಡುವನ್ನು ತೋರಿಸಲು ಉದ್ದ ಗಿಡ್ಡ ತುಂಡುಗಳ ತೆಳುಗೆರೆ. ಅಳತೆಗಳೆಲ್ಲವೂ ಮಿಲಿಮೀಟರಿನಲ್ಲಿ; ಒಂದು ಅಳತೆಯನ್ನು ಒಂದೇ ಸಲ ಬರೆಯತಕ್ಕದ್ದು. ಈ ಕ್ರಮವನ್ನು ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಗಾಸ್ಪಾರ್ ಮೊಂಜ್ ಎಂಬ ಗಣಿತಜ್ಞನು ಶಾಸ್ತ್ರವಾಗಿ ಕಟ್ಟಿದನು. ಕೋಟೆ ಕಟ್ಟುವದರಲ್ಲಿ ಇದು ಅಷ್ಟು ಉಪಯುಕ್ತವಾದದ್ದರಿಂದ ಅಲ್ಲಿಯ ಸೈನ್ಯದವರು ಬಹುಕಾಲ ಇದನ್ನು ಗುಟ್ಟಾಗಿ ಇಟ್ಟಿದ್ದರು.

ನಕಾಶೆಯಲ್ಲಿ ಇನ್ನೊಂದು ಗುಣವುಂಟು: ಎಷ್ಟು ತಪ್ಪಿದರೆ ನಡೆದೀತು ಎಂಬದನ್ನೂ ಅದು ಹೇಳುವದು. ದಂಡವೂ ಬುಶ್ಶಿನ ತೂತೂ ಸರಿಯಾಗಿ 25 ಮಿ.ಮೀ. ಇದ್ದರೆ ಒಂದರಲ್ಲಿ ಒಂದು ಸರಾಗವಾಗಿ ತಿರುಗಲಾರದು. ಆದುದರಿಂದ ಒಂದು ವಾಡಿಕೆಯ ಜೋಡಣೆಯಲ್ಲಿ ತೂತು 25.000 ರಿಂದ 25.021 ರೊಳಗೆ, ದಂಡವು 24.980 ರಿಂದ 24.993 ರೊಳಗೆ ಇರಬೇಕೆಂದು ಬರೆಯುವರು. ಇಂಥ ಸೂಕ್ಷ್ಮವನ್ನು ಬಾಯಿಂದ ಹೇಳಿ ಮಾಡಿಸುವದು ಯಾರಿಗೂ ಸಾಧ್ಯವಿಲ್ಲ.

ಈ ವಿದ್ಯೆಯಿಂದ ಒಕ್ಕಲುತನಕ್ಕೆ ಏನಾಗುವದೆಂದು ಕೇಳುವವರು ನಮ್ಮ ನಾಡಿನವರೇ ಆದ ಲಕ್ಷ್ಮಣರಾವ ಕಿರ್ಲೋಸ್ಕರರನ್ನು ಸ್ಮರಿಸಬೇಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869 ರಲ್ಲಿ ಜನಿಸಿದ ಅವರು ಚಿತ್ರಕಲೆ ಕಲಿಯಲು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಹೋದರು. ಕೆಲವು ಬಣ್ಣಗಳು ಅವರ ಕಣ್ಣಿಗೆ ಬೇರೆ ಬೇರೆಯಾಗಿ ತೋರುತ್ತಿರಲಿಲ್ಲವಾದ್ದರಿಂದ ಆ ದಾರಿಯನ್ನು ಬಿಡಬೇಕಾಯಿತು. ಗೆರೆಗೆ ಬಣ್ಣವು ಬೇಕಿಲ್ಲ; ಅವರು ಯಂತ್ರನಕಾಶೆಯನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದರ ಶಿಕ್ಷಕರಾದರು. ಮುಂದೆ ಬೆಳಗಾವಿಯಲ್ಲಿ ಅಣ್ಣನೊಡನೆ ಸೈಕಲ್ಲಿನ ಅಂಗಡಿಯನ್ನು ನಡೆಯಿಸಿ, ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣವು ಭೂಮಿಗೆ ವಿಷವೆಂದು ರೈತರು ಮೊದಲು ಆ ನೇಗಿಲನ್ನು ಮುಟ್ಟಲೊಲ್ಲದೆ ಹೋದರು. 1910 ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯು ಸ್ಥಾಪಿತವಾಯಿತು. ಅವರ ನೇಗಿಲು ಮನೆಮಾತಾಯಿತು. ನಕಾಶೆಯನ್ನು ಬಲ್ಲ ಒಬ್ಬ ಮನುಷ್ಯನಿಂದ ಎಷ್ಟೊಂದು ಹೊಲಗಳ ಉಳುಮೆ ಬದಲಾಯಿತೆಂಬದನ್ನು ಓದುಗರೇ ವಿಚಾರಿಸಲಿ.

ಕೆಲವು ಹಿರಿಯರು, “ನಮ್ಮ ಅಜ್ಜನ ಕಾಲದ ಕಮ್ಮಾರ ಬಡಿಗರು ಯಾವ ನಕಾಶೆ ನೋಡಿ ಕೂರಿಗೆ ಕುಂಟೆಗಳನ್ನು ಮಾಡುತ್ತಿದ್ದರು?” ಎಂದು ಕೇಳುವರು. ಪ್ರಶ್ನೆಯು ಯೋಗ್ಯವೇ ಆಗಿದೆ. ಅವರ ನಕಾಶೆಯು ಅವರ ಕೈಯಲ್ಲಿಯೂ ಕಣ್ಣಿನಲ್ಲಿಯೂ ಇತ್ತು. ಎತ್ತಿನ ಎತ್ತರವನ್ನೂ ಹೊಡೆಯುವವನ ತೋಳನ್ನೂ ನೋಡಿ, ಗೇಣು ಬೆರಳುಗಳಿಂದ ಅಳೆದು, ಹೊಲಕ್ಕೆ ತಕ್ಕ ಉಪಕರಣವನ್ನು ಮಾಡಿಕೊಡುತ್ತಿದ್ದರು. ಸುಗ್ಗಿಯಲ್ಲಿ ಆಯದ ಕಾಳು ಅವರ ಮನೆ ಸೇರುತ್ತಿತ್ತು. ಆಯವು ನಿಂತಿತು, ಅವರ ಮಕ್ಕಳು ಪಟ್ಟಣ ಸೇರಿದರು, ಹಿರಿಯನು ತೀರಿಹೋದಾಗ ಅವನ ಅಳತೆಗಳೂ ಅವನೊಡನೆ ಹೋದವು. ಇಂದಿನ ಉಪಕರಣಗಳಾದರೋ ದೂರದ ಊರುಗಳಲ್ಲಿ ಹುಟ್ಟಿ ಬರುವಂಥವು. ಕೈಯ ವಿದ್ಯೆಯು ಕೈ ಇರುವಲ್ಲಿಯೇ ಉಳಿಯುವದು. ಕಾಗದದ ವಿದ್ಯೆಯು ಎಲ್ಲಿಗಾದರೂ ಹೋಗಬಲ್ಲದು, ಮೊಮ್ಮಕ್ಕಳ ಕಾಲಕ್ಕೂ ಉಳಿಯಬಲ್ಲದು.

“ಕಲಿತ ಹುಡುಗನು ಊರು ಬಿಟ್ಟು ಹೋಗುವನು” ಎಂಬದು ಇನ್ನೊಂದು ಆಕ್ಷೇಪ. ಹೋದಾನು. ಆದರೆ ಕಲಿಯದವನೂ ಹೋಗುತ್ತಲೇ ಇರುವನು. ಅವನು ಹಮಾಲಿಗೆ ಹೋಗುವನು, ಇವನು ಕಸಬಿಗೆ ಹೋಗುವನು. ಅಣ್ಣತಮ್ಮಂದಿರಲ್ಲಿ ಹಂಚಿ ಹಂಚಿ ಹೊಲಗಳು ಚಿಕ್ಕವಾಗುತ್ತಿರುವಾಗ ಎಲ್ಲ ಮಕ್ಕಳನ್ನೂ ಭೂಮಿಯೊಂದೇ ಸಲಹಲಾರದು. ಮೇಲಾಗಿ ಗಬ್ಬೂರಿನ ಸುತ್ತಲಿನವರಿಗೆ ಊರು ಬಿಡುವ ಅವಶ್ಯಕತೆಯೂ ಕಡಿಮೆ. ಪುಣೆ-ಬೆಂಗಳೂರು ಹೆದ್ದಾರಿಯು ಇಲ್ಲಿಯೇ ಹಾಯ್ದುಹೋಗಿದೆ; ಹುಬ್ಬಳ್ಳಿಯ ರೇಲ್ವೆ ವರ್ಕಶಾಪು, ಗೋಕುಲ ರಸ್ತೆಯ ಮತ್ತು ತಾರಿಹಾಳದ ಔದ್ಯೋಗಿಕ ವಸಾಹತುಗಳು ಮುಂಜಾನೆ ಹೋಗಿ ಸಂಜೆಗೆ ಮನೆಗೆ ಬರುವಷ್ಟು ದೂರದಲ್ಲಿವೆ.

ಇನ್ನು ಮಾಡತಕ್ಕ ಕೆಲಸಗಳು. ಹತ್ತನೆಯ ತರಗತಿ ಪಾಸಾದವರಿಗೆ ಐ.ಟಿ.ಐ.ಗಳಲ್ಲಿ ಯಾಂತ್ರಿಕ ಡ್ರಾಫ್ಟ್ಸ್‌ಮನ್ ಎಂಬ ಎರಡು ವರ್ಷದ ಶಿಕ್ಷಣವುಂಟು. ಪಾಲಿಟೆಕ್ನಿಕ್ಕಿನ ಯಾಂತ್ರಿಕ ಡಿಪ್ಲೊಮಾ ಮೂರು ವರ್ಷದ್ದು. ಹುಬ್ಬಳ್ಳಿಯಲ್ಲಿ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಇದೆ. ಯಾವ ಸಂಸ್ಥೆಯಲ್ಲಿ ಯಾವ ವಿಭಾಗವಿದೆಯೆಂಬದನ್ನು ಪ್ರವೇಶದ ಕಾಲಕ್ಕೆ ಮುಂಚೆಯೇ ವಿಚಾರಿಸತಕ್ಕದ್ದು. ಇಂದು ನಕಾಶೆಗಳನ್ನು ಕಂಪ್ಯೂಟರಿನಲ್ಲಿ ಬರೆಯುವರು. ಅಲ್ಲಿ ಬರೆದ ಗೆರೆಯನ್ನೇ ಹಿಡಿದು ತಗಡು ಕೊಯ್ಯುವ ಯಂತ್ರಗಳೂ ಬಂದಿವೆ. ಆದರೂ ಮೊದಲು ಪೆನ್ಸಿಲು ಹಿಡಿದು ಮೂರು ನೋಟಗಳನ್ನು ಮನಸ್ಸಿನಲ್ಲಿ ಕಾಣಲು ಕಲಿಯಬೇಕು. ಅದನ್ನು ಕಲಿಯದವನಿಗೆ ಕಂಪ್ಯೂಟರು ತಪ್ಪನ್ನೇ ಅಂದವಾಗಿ ಬರೆದುಕೊಡುವದು.

ಭೂಮಾಲಕರು ತಮ್ಮ ಮನೆಯ ಮಕ್ಕಳನ್ನು ಕಳಿಸಲಿ. ಹೆಣ್ಣುಮಕ್ಕಳೂ ಇದನ್ನು ಚೆನ್ನಾಗಿ ಕಲಿಯಬಲ್ಲರು. ಆದರೆ ಅದಕ್ಕೂ ಮುಂಚೆ ಊರಿನ ಬಡಿಗೇರ, ಕಮ್ಮಾರ ಮನೆಗಳ ಕಡೆಗೆ ಒಮ್ಮೆ ನೋಡಲಿ. ಆ ಮಕ್ಕಳ ಕೈಯಲ್ಲಿ ಅರ್ಧ ವಿದ್ಯೆಯು ಹುಟ್ಟಿನಿಂದಲೇ ಇದೆ. ಉಳಿದರ್ಧಕ್ಕೆ ಫೀ, ಪುಸ್ತಕ ಮತ್ತು ಬಸ್ಸಿನ ಖರ್ಚು ಬೇಕಾಗಿದೆ. ತಲೆತಲಾಂತರದಿಂದ ಅವರ ಕೈಯ ಕೂರಿಗೆಯಿಂದ ಬಿತ್ತಿ ಬೆಳೆದವರು ನಾವು. ಆ ಋಣವನ್ನು ತೀರಿಸಲು ಇದಕ್ಕಿಂತ ಒಳ್ಳೆಯ ದಾರಿಯು ಕಾಣದು.

ಎರಡನೆಯದಾಗಿ, ಹೊಸ ಉಪಕರಣವನ್ನು ಮಾಡಿಸುವಾಗ ಅದರ ನಕಾಶೆಯನ್ನು ಕೇಳಿ ಪಡೆದು, ಹೊಲದ ಕಾಗದಪತ್ರಗಳ ಜೊತೆಯಲ್ಲಿಯೇ ಇಡಿರಿ. ಕೊಂಡು ತಂದ ಉಪಕರಣವಾದರೆ, ಸವೆಯುವ ಮೊದಲೇ ಅದರ ದಂಡ, ಬುಶ್ಶು, ಹಲ್ಲುಗಾಲಿಗಳ ಅಳತೆಗಳನ್ನು ಬಲ್ಲವರಿಂದ ಬರೆಯಿಸಿ ಇಡಿರಿ. ಬೇರಿಂಗಿನ ಮೇಲಿನ ಅಂಕಿಯನ್ನು ಗುರುತು ಹಾಕಿಕೊಳ್ಳಿರಿ. ಬೇಸಿಗೆಯ ಬಿಡುವಿನಲ್ಲಿ ಒಂದು ದಿನದ ಕೆಲಸವಿದು.

ಹದವು ಯಾರಿಗಾಗಿಯೂ ಕಾಯುವದಿಲ್ಲವೆಂಬದನ್ನು ನನಗೆ ಕಲಿಸಿದವರು ಆ ಹಿರಿಯರು. ಮುಂದಿನ ಹಿಂಗಾರಿಯೊಳಗೆ ತಮ್ಮ ಊರಿನಲ್ಲಿ ಇಂಥ ಅಳತೆಯ ಕಾಗದವೊಂದಾದರೂ ಸಿದ್ಧವಾಗಿರಲಿ, ಅದನ್ನು ಬರೆಯಬಲ್ಲ ಒಂದು ಮಗುವಾದರೂ ಶಾಲೆಯ ಹಾದಿಯಲ್ಲಿರಲಿ ಎಂದು ಈ ಲೇಖಕನ ವಿನಂತಿ.

— ಒಬ್ಬ ಕೃಷಿ ಇನ್‌ಸ್ಪೆಕ್ಟರ, ಎಲ್.ಎಜಿ.